ಮುಖ್ಯವಾಹಿನಿ ಎಂಬ ಅಳತೆಗೋಲು

2004ರ ಆರಂಭದಲ್ಲಿ ಅಮೆರಿಕದ ಇಂಡಿಯಾನಾಪೊಲಿಸ್ ನಗರದ ನ್ಯಾಯಾಲಯವೊಂದು ಒಂದು ದಂಪತಿಗೆ ವಿಚ್ಛೇದನದ ಡಿಕ್ರಿ ನೀಡಿತು. ಗಂಡ-ಹೆಂಡತಿಯ ನಡುವೆ ಏನೇ ಭಿನ್ನಾಭಿಪ್ರಾಯವಿದ್ದರೂ ಮಗನನ್ನು ಯಾವ ನಂಬಿಕೆಯಲ್ಲಿ ಬೆಳೆಸಬೇಕು ಎಂಬ ವಿಷಯದಲ್ಲಿ ಜಗಳವಿರಲಿಲ್ಲ. ಇಬ್ಬರೂ 'ವಿಕ್ಕಾ' ಎಂಬ ಪೇಗನ್ ಧರ್ಮವನ್ನು ಅನುಸರಿಸುವವರು. ಆದರೂ ನ್ಯಾಯಾಧೀಶರು, ಯಾರೂ ಕೇಳದಿದ್ದರೂ, ಡಿಕ್ರಿಯಲ್ಲಿ ಒಂದು ಷರತ್ತು ಸೇರಿಸಿದರು. ಮುಖ್ಯವಾಹಿನಿಗೆ ಸೇರದ ಇಂತಹ ನಂಬಿಕೆ ಮತ್ತು ಆಚರಣೆಗಳಲ್ಲಿ ಮಗು ಪಾಲ್ಗೊಳ್ಳದಂತೆ ಮಾತ್ರವಲ್ಲ, ಅವು ಮಗುವಿನ ಕಣ್ಣಿಗೂ ಬೀಳದಂತೆ ಹೆತ್ತವರು ನೋಡಿಕೊಳ್ಳಬೇಕು ಎಂಬುದೇ ಆ ಷರತ್ತು. ಹುಡುಗ ಕಲಿಯುತ್ತಿದ್ದುದು ಕ್ಯಾಥೊಲಿಕ್ ಶಾಲೆಯಲ್ಲಿ. ಶಾಲೆಯಲ್ಲಿ ಒಂದು ಧರ್ಮ, ಮನೆಯಲ್ಲಿ ಇನ್ನೊಂದು ಧರ್ಮ ಕಂಡರೆ ಮಗು ಗೊಂದಲಕ್ಕೆ ಬೀಳುತ್ತದೆ ಎಂದು ನ್ಯಾಯಾಲಯಕ್ಕೆ ವರದಿ ಹೋಗಿತ್ತು.

ಅಂದರೆ ತಂದೆ ತನ್ನ ಮನೆಯಲ್ಲಿ ತನ್ನ ಪ್ರಾರ್ಥನೆಯನ್ನು ಮಗನಿಂದ ಬಚ್ಚಿಡಬೇಕು. ತಾಯಿ ತನ್ನ ಹಬ್ಬದ ದೀಪವನ್ನು ಮಗ ನಿದ್ದೆ ಹೋದ ಮೇಲೆ ಹಚ್ಚಬೇಕು. ಹೆತ್ತವರಿಬ್ಬರೂ ಮೇಲ್ಮನವಿ ನ್ಯಾಯಾಲಯದ ಕಡೆ ನೋಡಬೇಕಾಯಿತು. 2005ರ ಆಗಸ್ಟ್‌ನಲ್ಲಿ ಇಂಡಿಯಾನಾದ ಮೇಲ್ಮನವಿ ನ್ಯಾಯಾಲಯ ಆ ಷರತ್ತನ್ನು ಕಿತ್ತುಹಾಕಿತು. ಮಗುವಿನ ದೇಹಕ್ಕೆ ಅಪಾಯವಿದೆ ಅಥವಾ ಮನಸ್ಸಿನ ಬೆಳವಣಿಗೆಗೆ ಗಣನೀಯ ಹಾನಿಯಾಗುತ್ತದೆ ಎಂದು ಸಾಬೀತಾಗದ ಹೊರತು, ಹೆತ್ತವರು ಕೊಡುವ ಧಾರ್ಮಿಕ ಶಿಕ್ಷಣಕ್ಕೆ ಕೈ ಹಾಕುವ ಅಧಿಕಾರ ನ್ಯಾಯಾಲಯಕ್ಕಿಲ್ಲ ಎಂಬುದು ಆ ತೀರ್ಪಿನ ಸಾರ.

ಪ್ರಕರಣ ಮುಗಿಯಿತು. ಆದರೆ 'ಮುಖ್ಯವಾಹಿನಿಗೆ ಸೇರದ' ಎಂಬ ಆ ಮಾತು ಮುಗಿದಿಲ್ಲ. ಅದು ಊರೂರು ಸುತ್ತುತ್ತಿದೆ. ನಮ್ಮ ಊರಿಗೂ ಬಂದಿದೆ. ಆದ್ದರಿಂದಲೇ ಸಾವಿರಾರು ಮೈಲಿ ದೂರದ ಪೇಗನ್ ಮನೆಯೊಂದರ ವಿಷಯವನ್ನು ಕನ್ನಡದ ಓದುಗರ ಮುಂದೆ ಇಡುತ್ತಿದ್ದೇವೆ.

ಈ ಪೇಗನ್ನರು ಯಾರು?

ಲ್ಯಾಟಿನ್ ಭಾಷೆಯ ಮೂಲದಲ್ಲಿ ಈ ಪದಕ್ಕೆ ಹಳ್ಳಿಗ ಎಂಬ ಅರ್ಥವಿತ್ತು. ರೋಮ್ ಸಾಮ್ರಾಜ್ಯ ಕ್ರೈಸ್ತ ಮತವನ್ನು ಒಪ್ಪಿಕೊಂಡ ಬಳಿಕ ಹಳೆಯ ದೇವತೆಗಳನ್ನು ಬಿಡದವರಿಗೆಲ್ಲ ಇದೇ ಹೆಸರು ಅಂಟಿತು. ಅದು ಅವರು ಇಟ್ಟುಕೊಂಡ ಹೆಸರಲ್ಲ, ಇತರರು ಇಟ್ಟ ಹೆಸರು. ಇಂದು ಯುರೋಪ್, ಅಮೆರಿಕಗಳಲ್ಲಿ ಕೆಲವರು ಅದನ್ನೇ ಅಭಿಮಾನದಿಂದ ಇಟ್ಟುಕೊಂಡಿದ್ದಾರೆ. ಬ್ರಿಟನ್ನಿನಲ್ಲಿ 1735ರ ಮಾಟ ವಿರೋಧಿ ಕಾಯ್ದೆ 1951ರಲ್ಲಿ ರದ್ದಾಯಿತು. 1954ರಲ್ಲಿ ಜೆರಾಲ್ಡ್ ಗಾರ್ಡ್ನರ್ ಎಂಬವರು ಬರೆದ ಪುಸ್ತಕದಿಂದ ವಿಕ್ಕಾ ಜನರಿಗೆ ಪರಿಚಯವಾಯಿತು. ಐಸ್‌ಲ್ಯಾಂಡಿನಲ್ಲಿ ಹಳೆಯ ನಾರ್ಸ್ ದೇವತೆಗಳ ಆರಾಧಕರ ಸಂಘಕ್ಕೆ 1973ರಲ್ಲಿ ಸರಕಾರದ ಮಾನ್ಯತೆ ದೊರೆಯಿತು. 1986ರಲ್ಲಿ ಅಮೆರಿಕದ ಫೆಡರಲ್ ಮೇಲ್ಮನವಿ ನ್ಯಾಯಾಲಯವೊಂದು ಕೈದಿಯೊಬ್ಬನ ಪ್ರಕರಣದಲ್ಲಿ ವಿಕ್ಕಾ ಕೂಡ ಧರ್ಮವೇ ಎಂದು ಒಪ್ಪಿತು. 2021ರ ಜನಗಣತಿಯಲ್ಲಿ ಇಂಗ್ಲೆಂಡ್ ಮತ್ತು ವೇಲ್ಸ್‌ನ ಸುಮಾರು 74 ಸಾವಿರ ಮಂದಿ ತಮ್ಮ ಧರ್ಮ ಪೇಗನ್ ಎಂದು ಬರೆಸಿದರು. 2011ರಲ್ಲಿ ಈ ಸಂಖ್ಯೆ 57 ಸಾವಿರದಷ್ಟಿತ್ತು.

ಮೊದಲ ತಲೆಮಾರಿನ ಪೇಗನ್ನರಲ್ಲಿ ಹೆಚ್ಚಿನವರು ಹೆತ್ತವರ ಧರ್ಮವನ್ನು ಬಿಟ್ಟು ಬಂದವರು. ತಾವೇ ಹುಡುಕಿಕೊಂಡ ದಾರಿಯನ್ನು ಮಕ್ಕಳ ಮೇಲೆ ಹೇರಬಹುದೇ ಎಂಬ ಪ್ರಶ್ನೆ ಅವರ ನಡುವೆಯೇ ಚರ್ಚೆಯಾಗಿದೆ. ವಿಕ್ಕಾದ ಹಲವು ಪಂಗಡಗಳಲ್ಲಿ ಪ್ರಾಯಕ್ಕೆ ಬರುವ ತನಕ ದೀಕ್ಷೆ ಕೊಡುವುದಿಲ್ಲ. ಹುಟ್ಟಿದ ಮಗುವಿಗೆ ಹರಸುವ ಒಂದು ವಿಧಿ ಇದೆ, ಆದರೆ ಅದರಿಂದ ಮಗು ಆ ಧರ್ಮಕ್ಕೆ ಕಟ್ಟುಬೀಳುವುದಿಲ್ಲ ಎನ್ನುತ್ತಾರೆ. ಮಕ್ಕಳಿಗಾಗಿ ಕತೆ, ಹಾಡು, ಅಡುಗೆ, ಆಟಗಳಿರುವ 'ಸರ್ಕಲ್ ರೌಂಡ್' ಎಂಬ ಪುಸ್ತಕ 1998ರಲ್ಲಿ ಬಂತು. ವರ್ಷದಲ್ಲಿ ಎಂಟು ಹಬ್ಬ. ಚಳಿಗಾಲದ ಅತಿ ಉದ್ದದ ರಾತ್ರಿಗೆ ದೀಪ ಹಚ್ಚುವುದು, ವಸಂತ ಬಂದಾಗ ಬೀಜ ಬಿತ್ತುವುದು, ಅಕ್ಟೋಬರ್ ಕೊನೆಯಲ್ಲಿ ತೀರಿಹೋದ ಹಿರಿಯರನ್ನು ನೆನೆಯುವುದು. ಮಗು ಅಲ್ಲಿ ಕಾಣುವುದು ಇದನ್ನು.

ನಮಗೆ ಈ ನಂಬಿಕೆ ಒಪ್ಪಿಗೆಯೇ? ಖಂಡಿತ ಇಲ್ಲ. ಸೃಷ್ಟಿಯನ್ನು ಪೂಜಿಸುವುದಲ್ಲ, ಸೃಷ್ಟಿಕರ್ತನೊಬ್ಬನನ್ನೇ ಆರಾಧಿಸಬೇಕೆಂಬುದು ನಮ್ಮ ವಿಶ್ವಾಸದ ಬುಡ. ಅದರಲ್ಲಿ ರಾಜಿ ಇಲ್ಲ. ಆದರೆ ಒಂದು ನಂಬಿಕೆ ಸರಿಯೇ ತಪ್ಪೇ ಎಂಬ ಪ್ರಶ್ನೆ ಬೇರೆ. ಆ ನಂಬಿಕೆಯ ತಾಯಿ ತನ್ನ ಮಗುವನ್ನು ಬೆಳೆಸಬಹುದೇ ಎಂಬ ಪ್ರಶ್ನೆ ಬೇರೆ. ಇವೆರಡನ್ನು ಬೆರೆಸಿದಾಗಲೆಲ್ಲ ಜಗತ್ತಿನಲ್ಲಿ ಮಕ್ಕಳು ಅತ್ತಿದ್ದಾರೆ.

ಅಳತೆಗೋಲು ಯಾರ ಕೈಯಲ್ಲಿ?

ಮುಖ್ಯವಾಹಿನಿ ಎಂದರೇನು? ಯಾವುದೇ ದೇಶದ ಕಾನೂನು ಪುಸ್ತಕದಲ್ಲಿ ಇದಕ್ಕೆ ವ್ಯಾಖ್ಯೆ ಸಿಗದು. ಬಹುಸಂಖ್ಯಾತರಿಗೆ ಯಾವುದು ವಿಚಿತ್ರವೆನಿಸುವುದಿಲ್ಲವೋ ಅದೇ ಮುಖ್ಯವಾಹಿನಿ. ಅಂದರೆ ಅಳತೆಗೋಲು ಇರುವುದು ಅಳೆಯುವವನ ಅಭ್ಯಾಸದಲ್ಲಿ. ಅಭ್ಯಾಸ ಬದಲಾದರೆ ಕೋಲೂ ಬದಲಾಗುತ್ತದೆ.

ಇದಕ್ಕೆ ಅಮೆರಿಕದ ಚರಿತ್ರೆಯಲ್ಲೇ ಸಾಕ್ಷಿಯಿದೆ. ಇಂಡಿಯಾನಾಪೊಲಿಸ್‌ನ ಆ ಹುಡುಗ ಕ್ಯಾಥೊಲಿಕ್ ಶಾಲೆಗೆ ಹೋಗುತ್ತಿದ್ದನಷ್ಟೆ. ಕ್ಯಾಥೊಲಿಕ್ ಧರ್ಮ ಅಲ್ಲಿನ ನ್ಯಾಯಾಧೀಶರಿಗೆ ಮುಖ್ಯವಾಹಿನಿಯಾಗಿ ಕಂಡಿತು. ಆದರೆ 1922ರಲ್ಲಿ ಅದೇ ದೇಶದ ಒರೆಗಾನ್ ರಾಜ್ಯ, ಮಕ್ಕಳೆಲ್ಲರೂ ಸರಕಾರಿ ಶಾಲೆಗೇ ಹೋಗಬೇಕು ಎಂದು ಜನಮತದ ಮೂಲಕ ಕಾನೂನು ಮಾಡಿತ್ತು. ಅದರ ಬೆನ್ನಿಗೆ ನಿಂತವರಲ್ಲಿ ಕು ಕ್ಲಕ್ಸ್ ಕ್ಲಾನ್ ಕೂಡ ಇತ್ತು. ಗುರಿ ಕ್ಯಾಥೊಲಿಕ್ ಶಾಲೆಗಳು. ಪೋಪರಿಗೆ ನಿಷ್ಠೆ ಕಲಿಸುವ ಶಾಲೆಯಲ್ಲಿ ಓದಿದ ಮಗು ಒಳ್ಳೆಯ ಅಮೆರಿಕನ್ ಆಗಲಾರದು ಎಂಬುದು ಅಂದಿನ ಮುಖ್ಯವಾಹಿನಿಯ ಗುಮಾನಿ. ಶಾಲೆ ನಡೆಸುತ್ತಿದ್ದ ಕ್ರೈಸ್ತ ಸನ್ಯಾಸಿನಿಯರು ನ್ಯಾಯಾಲಯಕ್ಕೆ ಹೋದರು. 1925ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟು ಆ ಕಾನೂನನ್ನು ಅಸಿಂಧುಗೊಳಿಸಿತು. ಮಗು ಸರಕಾರದ ಸೊತ್ತಲ್ಲ, ಅದನ್ನು ರೂಪಿಸುವ ಹಕ್ಕು ಮತ್ತು ಹೊಣೆ ಹೆತ್ತವರದ್ದು ಎಂಬ ತತ್ವ ಅಲ್ಲಿ ಸ್ಥಿರವಾಯಿತು.

ಎಂಬತ್ತು ವರ್ಷ ಕಳೆಯುವಷ್ಟರಲ್ಲಿ ಅಂದು ಹೊರಗಿದ್ದವರು ಒಳಗಾದರು, ಹೊಸಬರು ಹೊರಗಾದರು. ಕ್ಯಾಥೊಲಿಕ್ ಶಾಲೆಯನ್ನು ಉಳಿಸಿದ ತತ್ವವೇ ಪೇಗನ್ ಮನೆಯನ್ನೂ ಉಳಿಸಬೇಕಾಯಿತು. ಇದನ್ನು ಕಂಡ ಮೇಲೂ ಮುಖ್ಯವಾಹಿನಿ ಎಂಬ ಕೋಲನ್ನು ನಂಬುವವರಿದ್ದರೆ ಅವರಿಗೆ ಏನು ಹೇಳೋಣ?

ಭಯ ಬಾಗಿಲು ತಟ್ಟಿದಾಗ

ವಿಚಿತ್ರವೆನಿಸಿದ್ದು ಬೇಗ ಅಪಾಯವಾಗಿ ಕಾಣತೊಡಗುತ್ತದೆ. 1980ರ ದಶಕದಲ್ಲಿ ಅಮೆರಿಕದಲ್ಲೂ ಬ್ರಿಟನ್ನಿನಲ್ಲೂ, ಗುಪ್ತ ಪಂಗಡಗಳು ಸೈತಾನನ ಆರಾಧನೆಯ ಹೆಸರಿನಲ್ಲಿ ಮಕ್ಕಳನ್ನು ಹಿಂಸಿಸುತ್ತಿವೆ ಎಂಬ ವದಂತಿ ಹಬ್ಬಿತು. ಮಾಟ, ಮುಖವಾಡ, ರಾತ್ರಿಯ ವೃತ್ತ ಎಂಬ ಮಾತುಗಳನ್ನು ಕೇಳಿದೊಡನೆ ಅಧಿಕಾರಿಗಳ ಎದೆ ನಡುಗುತ್ತಿತ್ತು. 1991ರ ಫೆಬ್ರವರಿ 27ರ ಮುಂಜಾನೆ ಸ್ಕಾಟ್ಲೆಂಡಿನ ಉತ್ತರದ ಆರ್ಕ್ನಿ ದ್ವೀಪಗಳಲ್ಲಿ ಸಮಾಜ ಕಾರ್ಯಕರ್ತರು ಪೊಲೀಸರೊಂದಿಗೆ ನಾಲ್ಕು ಮನೆಗಳ ಬಾಗಿಲು ತಟ್ಟಿ ಒಂಬತ್ತು ಮಕ್ಕಳನ್ನು ಕರೆದೊಯ್ದರು. ಮಕ್ಕಳನ್ನು ದ್ವೀಪದಿಂದಾಚೆ ಸಾಗಿಸಲಾಯಿತು. ವಾರಗಳ ಕಾಲ ಅವರು ತಂದೆತಾಯಿಯ ಮುಖ ನೋಡಲಿಲ್ಲ. ಏಪ್ರಿಲ್ 4ರಂದು ನ್ಯಾಯಾಧೀಶರು ಪ್ರಕರಣವನ್ನೇ ತಳ್ಳಿಹಾಕಿದರು. ಮಕ್ಕಳು ಮನೆಗೆ ಮರಳಿದರು. ಮುಂದೆ 1992ರಲ್ಲಿ ಬಂದ ಲಾರ್ಡ್ ಕ್ಲೈಡ್ ತನಿಖಾ ವರದಿ ಅಧಿಕಾರಿಗಳ ಕಾರ್ಯವಿಧಾನವನ್ನು ಕಟುವಾಗಿ ಟೀಕಿಸಿತು. 1994ರಲ್ಲಿ ಮಾನವಶಾಸ್ತ್ರಜ್ಞೆ ಜೀನ್ ಲಾ ಫಾಂಟೇನ್ ಬ್ರಿಟಿಷ್ ಸರಕಾರಕ್ಕಾಗಿ ಇಂತಹ 84 ಪ್ರಕರಣಗಳನ್ನು ಪರಿಶೀಲಿಸಿದಾಗ ಸೈತಾನ ಪೂಜೆಯ ಆರೋಪಕ್ಕೆ ಆಧಾರ ಸಿಗಲಿಲ್ಲ.

ಆರ್ಕ್ನಿಯ ಆ ಕುಟುಂಬಗಳು ಪೇಗನ್ ಆಗಿರಲಿಲ್ಲ. ಆದರೆ ಆ ಕಾಲದಲ್ಲಿ ಬ್ರಿಟನ್ನಿನ ಪೇಗನ್ ತಾಯಂದಿರಿಗೆ ಯಾವ ಪಾಠ ಸಿಕ್ಕಿರಬಹುದೆಂದು ಊಹಿಸುವುದು ಕಷ್ಟವಲ್ಲ. ವದಂತಿಗೇ ಮಕ್ಕಳನ್ನು ಒಯ್ಯುವುದಾದರೆ, ನಿಜವಾಗಿಯೂ ವೃತ್ತದಲ್ಲಿ ನಿಂತು ಪ್ರಾರ್ಥಿಸುವ ನಮ್ಮ ಗತಿಯೇನು? ಹಾಗಾದಾಗ ಮಗುವಿಗೆ ಮೊದಲು ಕಲಿಸಬೇಕಾದ ಪಾಠ ದೇವರದ್ದಲ್ಲ, ಮೌನದ್ದು. 'ಶಾಲೆಯಲ್ಲಿ ಯಾರಿಗೂ ಹೇಳಬೇಡ.' ಈ ಮಾತು ಕನ್ನಡದ ಮುಸ್ಲಿಂ ಮನೆಗಳಿಗೆ ಅಪರಿಚಿತವೇ? ಟಿಫಿನ್ ಡಬ್ಬಿಯಲ್ಲಿ ಏನಿದೆ ಎಂದು ಹೇಳಬೇಡ, ಉಮ್ಮ ಎಂದು ಜೋರಾಗಿ ಕರೆಯಬೇಡ ಎಂದು ಮಕ್ಕಳಿಗೆ ಪಿಸುಗುಟ್ಟುವ ತಾಯಂದಿರು ನಮ್ಮಲ್ಲಿಲ್ಲವೇ?

ಹಳೆಯ ಗಾಯಗಳು

ಮಗುವನ್ನು 'ತಪ್ಪು ನಂಬಿಕೆ'ಯ ಮನೆಯಿಂದ ಬಿಡಿಸುವುದೇ ಪುಣ್ಯದ ಕೆಲಸ ಎಂಬ ವಿಚಾರ ಹೊಸದಲ್ಲ. ಕೆನಡಾದಲ್ಲಿ 19ನೇ ಶತಮಾನದ ಕೊನೆಯಿಂದ 20ನೇ ಶತಮಾನದ ಕೊನೆಯವರೆಗೂ ಸುಮಾರು ಒಂದೂವರೆ ಲಕ್ಷ ಆದಿವಾಸಿ ಮಕ್ಕಳನ್ನು ವಸತಿ ಶಾಲೆಗಳಿಗೆ ಹಾಕಲಾಯಿತು. ಸರಕಾರ ಹಣ ಕೊಟ್ಟಿತು, ಚರ್ಚುಗಳು ನಡೆಸಿದವು. ಮನೆಯವರು ಪೇಗನ್ನರು, ಆದ್ದರಿಂದ ಮಗುವನ್ನು ಮನೆಯಿಂದ ದೂರ ಇಟ್ಟರೆ ಮಾತ್ರ ಅದು ನಾಗರಿಕವಾದೀತು ಎಂಬುದು ಇದರ ತರ್ಕ. ಮಗು ತನ್ನ ಭಾಷೆ ಆಡಿದರೆ ಶಿಕ್ಷೆ. ಅವರ ಪಾಟ್‌ಲ್ಯಾಚ್ ಎಂಬ ಸಮಾರಂಭವನ್ನು 1884ರ ಕಾನೂನು ನಿಷೇಧಿಸಿತ್ತು. ನಿಷೇಧ ತೆರವಾದದ್ದು 1951ರಲ್ಲಿ. 2008ರ ಜೂನ್ 11ರಂದು ಕೆನಡಾದ ಪ್ರಧಾನಿ ಸಂಸತ್ತಿನಲ್ಲಿ ಕ್ಷಮೆ ಕೇಳಿದರು. 2015ರಲ್ಲಿ ಸತ್ಯಶೋಧನಾ ಆಯೋಗ ಇದನ್ನು ಸಾಂಸ್ಕೃತಿಕ ನರಮೇಧವೆಂದು ಕರೆಯಿತು. ಕ್ಷಮೆ ಬರುವಷ್ಟರಲ್ಲಿ ಎಷ್ಟೋ ಮಕ್ಕಳು ಹೆಸರಿಲ್ಲದ ಗೋರಿಗಳಲ್ಲಿದ್ದರು.

ಇನ್ನೂ ಹಿಂದೆ ಹೋದರೆ ನಮ್ಮದೇ ಮನೆಯ ಕತೆ ಸಿಗುತ್ತದೆ. ಸ್ಪೇನಿನಲ್ಲಿ ಮುಸ್ಲಿಂ ಆಳ್ವಿಕೆ 1492ರಲ್ಲಿ ಕೊನೆಗೊಂಡ ಬಳಿಕ ಅಲ್ಲಿನ ಮುಸ್ಲಿಮರನ್ನು ಬಲವಂತವಾಗಿ ಕ್ರೈಸ್ತರನ್ನಾಗಿಸಲಾಯಿತು. ಹೀಗೆ ಹೆಸರಿಗೆ ಕ್ರೈಸ್ತರಾದ ಮೊರಿಸ್ಕೊಗಳ ಮನೆಗಳ ಮೇಲೆ ಕಣ್ಣಿಡಲಾಯಿತು. 1567ರ ಆಜ್ಞೆ ಗ್ರಾನಡದಲ್ಲಿ ಅರಬಿ ಭಾಷೆ, ಉಡುಪು, ಸ್ನಾನಗೃಹಗಳನ್ನು ನಿಷೇಧಿಸಿತು. ಮುಚ್ಚಿದ ಬಾಗಿಲ ಹಿಂದೆ ತಾಯಿ ಮಗುವಿಗೆ ಏನು ಕಲಿಸುತ್ತಾಳೆಂಬುದೇ ಅಧಿಕಾರಕ್ಕೆ ಇದ್ದ ದೊಡ್ಡ ಆತಂಕ. 1609ರಿಂದ 1614ರ ತನಕ ಮೊರಿಸ್ಕೊಗಳನ್ನು ದೇಶದಿಂದ ಹೊರಹಾಕಿದಾಗ ಅನೇಕ ಪುಟ್ಟ ಮಕ್ಕಳನ್ನು ಹಡಗು ಹತ್ತಲು ಬಿಡಲಿಲ್ಲ. ಆ ಮಕ್ಕಳ ಆತ್ಮ ಉಳಿಸುತ್ತೇವೆ ಎಂದು ಅವರನ್ನು ಕ್ರೈಸ್ತ ಮನೆಗಳಲ್ಲಿ ಇರಿಸಿಕೊಳ್ಳಲಾಯಿತು. ಸ್ಪೇನಿನ ಮೊರಿಸ್ಕೊ ತಾಯಿಯ ಅಳುವಿಗೂ ಕೆನಡಾದ ಆದಿವಾಸಿ ತಾಯಿಯ ಅಳುವಿಗೂ ವ್ಯತ್ಯಾಸವೇನು? ಒಬ್ಬಳು ಏಕದೇವ ವಿಶ್ವಾಸಿ, ಇನ್ನೊಬ್ಬಳು ಅಲ್ಲ. ಆದರೆ ಮಗುವನ್ನು ಕಿತ್ತುಕೊಂಡ ಕೈಯ ತರ್ಕ ಒಂದೇ.

ತುಳುನಾಡಿನವರಿಗೆ ಈ ತರ್ಕದ ಇನ್ನೊಂದು ನೆನಪೂ ಇರಬೇಕು. ಎ.ಸಿ. ಬರ್ನೆಲ್ ಸಂಗ್ರಹಿಸಿದ ಭೂತಗಳ ಪಾಡ್ದನಗಳು 1890ರ ದಶಕದಲ್ಲಿ ಇಂಗ್ಲಿಷಿನಲ್ಲಿ ಅಚ್ಚಾದಾಗ ಅವುಗಳಿಗೆ ಇಟ್ಟ ತಲೆಬರಹ 'ತುಳುವರ ಪಿಶಾಚಾರಾಧನೆ' ಎಂದಾಗಿತ್ತು. ಬರೆದಿಟ್ಟವರಿಗೆ ಆ ಪಾಡ್ದನಗಳ ಬಗ್ಗೆ ಕುತೂಹಲವಿತ್ತು, ಶ್ರದ್ಧೆಯೂ ಇತ್ತು. ಆದರೂ ಹೆಸರು ಮಾತ್ರ ಪಿಶಾಚಿಯದ್ದೇ. ಇತರರು ಇಡುವ ಹೆಸರಿನಲ್ಲೇ ಅರ್ಧ ತೀರ್ಪು ಇರುತ್ತದೆ.

ನಮ್ಮ ನೆಲದ ತೀರ್ಪು

ನಮ್ಮ ದೇಶ ಈ ವಿಷಯದಲ್ಲಿ ಜಗತ್ತಿಗೆ ಪಾಠ ಹೇಳಬಲ್ಲ ಒಂದು ತೀರ್ಪನ್ನು ಕೊಟ್ಟಿದೆ. 1985ರಲ್ಲಿ ಕೇರಳದ ಶಾಲೆಯೊಂದರಿಂದ ಮೂವರು ಮಕ್ಕಳನ್ನು ಹೊರಹಾಕಲಾಯಿತು. ಅವರು ಯೆಹೋವನ ಸಾಕ್ಷಿಗಳೆಂಬ ಸಣ್ಣ ಕ್ರೈಸ್ತ ಪಂಗಡದ ಮನೆಯ ಮಕ್ಕಳು. ರಾಷ್ಟ್ರಗೀತೆಯ ಹೊತ್ತಿಗೆ ಗೌರವದಿಂದ ಎದ್ದು ನಿಲ್ಲುತ್ತಿದ್ದರು, ಆದರೆ ಹಾಡುತ್ತಿರಲಿಲ್ಲ. ದೇವರಿಗಲ್ಲದೆ ಬೇರಾವುದಕ್ಕೂ ಸ್ತುತಿ ಸಲ್ಲದೆಂದು ಮನೆಯಲ್ಲಿ ಕಲಿತಿದ್ದರು. 1986ರ ಆಗಸ್ಟ್ 11ರಂದು ಸುಪ್ರೀಂ ಕೋರ್ಟು ಆ ಮಕ್ಕಳನ್ನು ಮರಳಿ ಶಾಲೆಗೆ ಸೇರಿಸಿಕೊಳ್ಳಲು ಆದೇಶಿಸಿತು. ನ್ಯಾಯಮೂರ್ತಿ ಓ. ಚಿನ್ನಪ್ಪ ರೆಡ್ಡಿಯವರು ಬರೆದ ಆ ತೀರ್ಪಿನಲ್ಲಿ, ಆ ನಂಬಿಕೆ ತಮಗೆ ಸರಿ ಕಾಣುತ್ತದೆಯೇ ಎಂಬುದು ಮಾನದಂಡವಾಗಲಿಲ್ಲ. ಅವರು ಅದನ್ನು ಪ್ರಾಮಾಣಿಕವಾಗಿ ನಂಬುತ್ತಾರೆಯೇ ಎಂಬುದೇ ಪ್ರಶ್ನೆಯಾಯಿತು. ಎಣಿಕೆಗೆ ಸಿಗದಷ್ಟು ಸಣ್ಣ ಗುಂಪಿಗೂ ಸಂವಿಧಾನದಡಿ ಜಾಗವಿದೆಯೇ ಎಂಬುದರಲ್ಲೇ ಪ್ರಜಾಪ್ರಭುತ್ವದ ಪರೀಕ್ಷೆ ಇದೆ ಎಂಬ ಅರ್ಥದ ಮಾತೂ ಅಲ್ಲಿ ಬಂತು.

ಸಂವಿಧಾನದ 28ನೇ ವಿಧಿಯನ್ನೂ ಗಮನಿಸಬೇಕು. ಸರಕಾರದ ಮಾನ್ಯತೆ ಅಥವಾ ಅನುದಾನ ಪಡೆದ ಶಾಲೆಯಲ್ಲಿ ಯಾರನ್ನೂ ಅವರ ಒಪ್ಪಿಗೆಯಿಲ್ಲದೆ ಧಾರ್ಮಿಕ ಬೋಧನೆಗೋ ಆರಾಧನೆಗೋ ಕೂರಿಸುವಂತಿಲ್ಲ. ಮಗು ಅಪ್ರಾಪ್ತವಾಗಿದ್ದರೆ ಪೋಷಕರ ಒಪ್ಪಿಗೆ ಬೇಕು. ಅಂದರೆ ಮಗುವಿನ ಧರ್ಮದ ಬಾಗಿಲಿನ ಬೀಗದ ಕೈಯನ್ನು ಸಂವಿಧಾನ ಮನೆಯವರ ಬಳಿ ಇಟ್ಟಿದೆ, ಮುಖ್ಯೋಪಾಧ್ಯಾಯರ ಬಳಿ ಅಲ್ಲ. ಅದು ಯಾವ ಮನೆ, ಎಷ್ಟು ಜನರ ಧರ್ಮ ಎಂದು ವಿಧಿ ಕೇಳುವುದಿಲ್ಲ.

ಹೀಗಿದ್ದೂ 2022ರಲ್ಲಿ ಕರ್ನಾಟಕ ಏನನ್ನು ಕಂಡಿತು? ಫೆಬ್ರವರಿ 5ರ ಸರಕಾರಿ ಆದೇಶದ ಬಳಿಕ ಶಿರವಸ್ತ್ರ ಧರಿಸಿದ ಹೆಣ್ಣುಮಕ್ಕಳು ಕಾಲೇಜಿನ ಗೇಟಿನ ಹೊರಗೆ ನಿಂತರು. ಮಾರ್ಚ್ 15ರಂದು ಹೈಕೋರ್ಟು, ಶಿರವಸ್ತ್ರ ಇಸ್ಲಾಮಿನ ಅತ್ಯಗತ್ಯ ಆಚರಣೆಯಲ್ಲ ಎಂದಿತು. ಅಕ್ಟೋಬರ್ 13ರಂದು ಸುಪ್ರೀಂ ಕೋರ್ಟಿನ ಇಬ್ಬರು ನ್ಯಾಯಮೂರ್ತಿಗಳು ಭಿನ್ನ ತೀರ್ಪು ನೀಡಿದರು. 1986ರ ಮಾನದಂಡ ನಂಬಿಕೆಯ ಪ್ರಾಮಾಣಿಕತೆಯಾಗಿತ್ತು. 2022ರ ಹೈಕೋರ್ಟಿನ ಮಾನದಂಡ ಆ ಧರ್ಮಕ್ಕೆ ಅದು ಅತ್ಯಗತ್ಯವೇ ಎಂಬುದಾಯಿತು. ನಮ್ಮ ಧರ್ಮಕ್ಕೆ ಏನು ಅಗತ್ಯವೆಂದು ಹೊರಗಿನವರು ಅಳೆಯತೊಡಗಿದರೆ, ಅದು ಇಂಡಿಯಾನಾಪೊಲಿಸ್‌ನ ಮುಖ್ಯವಾಹಿನಿಯ ಕೋಲಿನ ಅಣ್ಣತಮ್ಮನೇ.

'ಶಿರ್ಕ್‌ನ ಮನೆಗೆ ನಾವೇಕೆ ವಕೀಲರಾಗಬೇಕು?'

ಇಷ್ಟನ್ನು ಓದಿದ ನಮ್ಮ ಸಹೋದರರಲ್ಲಿ ಕೆಲವರು ಹೀಗೆ ಕೇಳಬಹುದು. ಪ್ರತಿಯೊಂದು ಮಗುವೂ ಸಹಜ ಪ್ರಕೃತಿಯಲ್ಲಿ ಹುಟ್ಟುತ್ತದೆ, ಹೆತ್ತವರೇ ಅದನ್ನು ಬೇರೆ ದಾರಿಗೆ ಒಯ್ಯುತ್ತಾರೆ ಎಂಬ ಅರ್ಥದ ಹದೀಸ್ ಬುಖಾರಿಯಲ್ಲೂ ಮುಸ್ಲಿಮ್‌ನಲ್ಲೂ ಇದೆಯಲ್ಲ? ಹಾಗಾದರೆ ಆ ಮಗುವನ್ನು ಹೆತ್ತವರಿಂದ ಕಾಪಾಡುವುದು ತಪ್ಪೇ?

ಆ ಹದೀಸ್ ಮಗುವಿನ ಘನತೆಯನ್ನು ಹೇಳುತ್ತದೆ, ಹೆತ್ತವರ ಪ್ರಭಾವವನ್ನು ಹೇಳುತ್ತದೆ. ಮಗುವನ್ನು ಕಿತ್ತು ತರಲು ಯಾರಿಗೂ ಪರವಾನಿಗೆ ಕೊಡುವುದಿಲ್ಲ. ಇದಕ್ಕೆ ಪವಿತ್ರ ಕುರ್‌ಆನ್‌ನ ಒಂದು ವಚನದ ಹಿನ್ನೆಲೆಯೇ ಸಾಕ್ಷಿ. ಸೂರಃ ಅಲ್‌ಬಕರದ 256ನೇ ವಚನ ಧರ್ಮದ ವಿಷಯದಲ್ಲಿ ಬಲಾತ್ಕಾರವನ್ನು ತಳ್ಳಿಹಾಕುತ್ತದೆ ಎಂಬುದು ಎಲ್ಲರಿಗೂ ಗೊತ್ತು. ಭಾಷಣಗಳಲ್ಲಿ ಅದನ್ನು ಕೇಳದವರಿಲ್ಲ. ಆದರೆ ಅದು ಮಕ್ಕಳ ವಿಷಯದಲ್ಲಿ ಅವತೀರ್ಣವಾಯಿತು ಎಂಬುದು ಎಷ್ಟು ಮಂದಿಗೆ ಗೊತ್ತು? ಇಬ್ನ್ ಅಬ್ಬಾಸ್(ರ)ರ ವರದಿಯನ್ನು ಅಬೂದಾವೂದ್ ಸಂಗ್ರಹದಲ್ಲಿ ಕಾಣಬಹುದು. ಇಸ್ಲಾಮ್ ಬರುವ ಮೊದಲು ಮದೀನಾದಲ್ಲಿ ಹುಟ್ಟಿದ ಮಕ್ಕಳು ಉಳಿಯದ ತಾಯಂದಿರು, ಮಗು ಬದುಕಿದರೆ ಅದನ್ನು ಯಹೂದಿಯಾಗಿ ಬೆಳೆಸುತ್ತೇವೆ ಎಂದು ಹರಕೆ ಹೊರುತ್ತಿದ್ದರು. ಮುಂದೆ ಬನೂ ನಝೀರ್ ಗೋತ್ರ ಮದೀನಾ ಬಿಟ್ಟು ಹೋಗಬೇಕಾಗಿ ಬಂದಾಗ ಹಾಗೆ ಬೆಳೆದ ಮಕ್ಕಳೂ ಅವರೊಂದಿಗಿದ್ದರು. ನಮ್ಮ ಮಕ್ಕಳನ್ನು ಬಿಟ್ಟುಕೊಡುವುದಿಲ್ಲ ಎಂದರು ಅನ್ಸಾರ್‌ಗಳು. ಆಗ ಬಂದ ವಚನ ಇದು.

ಯೋಚಿಸಿ ನೋಡಿ. ಆ ಮಕ್ಕಳು ಅನ್ಸಾರ್‌ಗಳದ್ದೇ ರಕ್ತ. ಊರಿನಲ್ಲಿ ಅಧಿಕಾರ ಮುಸ್ಲಿಮರ ಕೈಯಲ್ಲಿತ್ತು. ಬಯಸುತ್ತಿದ್ದ ಧರ್ಮ ಸತ್ಯಧರ್ಮ ಎಂಬ ಬಗ್ಗೆ ಅವರಿಗೆ ಸಂಶಯವೂ ಇರಲಿಲ್ಲ. ಬಲಾತ್ಕಾರಕ್ಕೆ ಇದಕ್ಕಿಂತ ಒಳ್ಳೆಯ ನೆಪ ಬೇಕೇ? ಅಲ್ಲಾಹನು ಆ ನೆಪವನ್ನೂ ಒಪ್ಪಲಿಲ್ಲ.

ಅದು ಗ್ರಂಥದವರ ವಿಷಯ, ಬಹುದೇವಾರಾಧಕರದ್ದಲ್ಲ ಎಂಬ ಆಕ್ಷೇಪವೂ ಬರಬಹುದು. ಹಾಗಾದರೆ ಅಬೂಬಕರ್(ರ)ರ ಪುತ್ರಿ ಅಸ್ಮಾ(ರ)ರನ್ನು ನೆನೆಯೋಣ. ಇನ್ನೂ ವಿಗ್ರಹಾರಾಧಕಿಯಾಗಿದ್ದ ಅವರ ತಾಯಿ ಮಗಳನ್ನು ನೋಡಲು ಮದೀನಾಕ್ಕೆ ಬಂದರು. ತಾಯಿಯನ್ನು ಬರಮಾಡಿಕೊಳ್ಳಬಹುದೇ ಎಂದು ಅಸ್ಮಾ ಪ್ರವಾದಿ(ಸ)ರಲ್ಲಿ ಕೇಳಿದರು. ಅಮ್ಮನೊಂದಿಗಿನ ಸಂಬಂಧವನ್ನು ಉಳಿಸಿಕೋ ಎಂಬುದೇ ಪ್ರವಾದಿ(ಸ)ರ ಉತ್ತರವಾಗಿತ್ತು ಎಂದು ಬುಖಾರಿಯಲ್ಲಿದೆ. ಸೂರಃ ಲುಕ್ಮಾನ್‌ನ 15ನೇ ವಚನವನ್ನೂ ನೋಡಿ. ಹೆತ್ತವರು ದೇವಸಹಭಾಗಿತ್ವಕ್ಕೆ ಒತ್ತಾಯಿಸಿದರೆ ಆ ಮಾತನ್ನು ಕೇಳಬೇಡಿ, ಆದರೂ ಈ ಲೋಕದಲ್ಲಿ ಅವರೊಂದಿಗೆ ಚೆನ್ನಾಗಿ ಬಾಳಿರಿ ಎಂಬುದು ಅದರ ಆದೇಶ. ಪ್ರವಾದಿ(ಸ)ರ ಅನುಚರರಲ್ಲಿ ಬಹುಪಾಲು ಮಂದಿ ಪೇಗನ್ ಮನೆಗಳಲ್ಲೇ ಹುಟ್ಟಿ ಬೆಳೆದವರು. ಆ ಮನೆಗಳಲ್ಲೂ ಅವರು ಅತಿಥಿ ಸತ್ಕಾರ, ಕೊಟ್ಟ ಮಾತಿಗೆ ತಪ್ಪದ ಗುಣ, ಧೈರ್ಯ ಇವುಗಳನ್ನು ಕಲಿತಿದ್ದರು. ಇಸ್ಲಾಮ್ ಆ ಗುಣಗಳನ್ನು ಅಳಿಸಲಿಲ್ಲ, ತೊಳೆದು ಇಟ್ಟುಕೊಂಡಿತು.

ನ್ಯಾಯ ಎಂಬುದು ನಮ್ಮವರಿಗೆ ಮಾತ್ರ ಹಂಚುವ ಸಿಹಿತಿಂಡಿಯಲ್ಲ. ಒಂದು ಜನಾಂಗದ ಮೇಲಿನ ಸಿಟ್ಟು ನಿಮ್ಮನ್ನು ನ್ಯಾಯ ತಪ್ಪಿಸದಿರಲಿ ಎಂದು ಸೂರಃ ಅಲ್‌ಮಾಇದದ 8ನೇ ವಚನ ಎಚ್ಚರಿಸುತ್ತದೆ. ಸಿಟ್ಟಿಗೇ ಅವಕಾಶವಿಲ್ಲವೆಂದ ಮೇಲೆ ಬರೀ ಭಿನ್ನಾಭಿಪ್ರಾಯಕ್ಕೆ ಎಲ್ಲಿಯ ಅವಕಾಶ? ನಮಗೆ ಶಿರ್ಕ್ ತಪ್ಪೆನಿಸಿದರೆ ನಮ್ಮ ಮುಂದೆ ಇರುವ ದಾರಿ ಸಂವಾದದ್ದು, ಒಳ್ಳೆಯ ಬದುಕಿನದ್ದು. ಪೊಲೀಸರದ್ದಲ್ಲ, ನ್ಯಾಯಾಲಯದ ಷರತ್ತಿನದ್ದಲ್ಲ. ಪೊಲೀಸರ ಮೂಲಕ ಬರುವ ವಿಶ್ವಾಸ ವಿಶ್ವಾಸವೇ ಅಲ್ಲ.

ಎರಡು ಗಡಿಗಳು

ಹಾಗಾದರೆ ಹೆತ್ತವರು ಮಗುವಿಗೆ ಏನು ಬೇಕಾದರೂ ಮಾಡಬಹುದೇ? ಇಲ್ಲ. ಹೆತ್ತವರ ಹಕ್ಕಿಗೆ ಎರಡು ಗಡಿಗಳಿವೆ. ಅವನ್ನು ಮರೆಮಾಚಿದರೆ ಇಷ್ಟು ಹೊತ್ತು ಆಡಿದ ಮಾತೆಲ್ಲ ಬರೀ ಗದ್ದಲವಾದೀತು.

ಮೊದಲನೆಯದು ಹಾನಿಯ ಗಡಿ. ಮಗುವನ್ನು ಹೊಡೆದು ಗಾಯಗೊಳಿಸುವುದು, ಔಷಧ ಕೊಡದಿರುವುದು, ಶಾಲೆ ಬಿಡಿಸುವುದು, ಬಾಲ್ಯದಲ್ಲೇ ಮದುವೆ ಮಾಡುವುದು, ಲೈಂಗಿಕ ಶೋಷಣೆಯನ್ನು ಮುಚ್ಚಿಡುವುದು ಯಾವ ಧರ್ಮದ ಹೆಸರಿನಲ್ಲೂ ನಡೆಯಬಾರದು. ಪೇಗನ್ ಮನೆಯಲ್ಲಿ ನಡೆದರೂ ತಪ್ಪು, ಚರ್ಚಿನಲ್ಲಿ, ಮಠದಲ್ಲಿ, ಮದ್ರಸದಲ್ಲಿ ನಡೆದರೂ ತಪ್ಪು. ಅಲ್ಲಿ ಸರಕಾರ ಬಾಗಿಲು ತಟ್ಟಲೇಬೇಕು. ಆದರೆ ತಟ್ಟುವ ಮೊದಲು ಕೇಳಬೇಕಾದ ಪ್ರಶ್ನೆ 'ಈ ಮಗುವಿಗೆ ಏನಾಗಿದೆ?' ಎಂಬುದು. 'ಈ ಮನೆಯವರು ಯಾರನ್ನು ಪೂಜಿಸುತ್ತಾರೆ?' ಎಂಬುದಲ್ಲ. ಮೊದಲ ಪ್ರಶ್ನೆಗೆ ಸಾಕ್ಷ್ಯ ಬೇಕು. ಎರಡನೆಯದಕ್ಕೆ ಪೂರ್ವಗ್ರಹ ಸಾಕು. ಗೊಂದಲ ಎಂಬ ಮಾತನ್ನೂ ಇಲ್ಲೇ ಇತ್ಯರ್ಥಪಡಿಸಬಹುದು. ಶಾಲೆಯಲ್ಲಿ ಒಂದು, ಮನೆಯಲ್ಲಿ ಇನ್ನೊಂದು ಕಾಣುವುದೇ ಹಾನಿಯಾಗಿದ್ದರೆ ಕರ್ನಾಟಕದ ಮಕ್ಕಳೆಲ್ಲ ಎಂದೋ ಕೆಟ್ಟುಹೋಗಬೇಕಿತ್ತು. ಕ್ರೈಸ್ತ ಕಾನ್ವೆಂಟಿನಲ್ಲಿ ಕಲಿತ ಹಿಂದೂ ಮಕ್ಕಳು, ಮಠದ ಶಾಲೆಯಲ್ಲಿ ಕಲಿತ ಮುಸ್ಲಿಂ ಮಕ್ಕಳು ನಮ್ಮ ಸುತ್ತಲೇ ಇದ್ದಾರೆ. ಅವರಿಗೆ ಸಿಕ್ಕಿದ್ದು ಗೊಂದಲವಲ್ಲ, ನೆರೆಹೊರೆಯ ಪರಿಚಯ.

ಎರಡನೆಯದು ಪ್ರಾಯದ ಗಡಿ. ಮಗು ಬೆಳೆದು ವಯಸ್ಕನಾದ ದಿನ ಹೆತ್ತವರ ಹಕ್ಕು ಮುಗಿಯುತ್ತದೆ, ಪ್ರೀತಿ ಮಾತ್ರ ಉಳಿಯುತ್ತದೆ. ಕೇರಳದಲ್ಲಿ ಇಸ್ಲಾಮನ್ನು ಸ್ವೀಕರಿಸಿ ಮದುವೆಯಾದ ಯುವತಿಯ ವಿವಾಹವನ್ನು 2017ರ ಮೇ 24ರಂದು ಅಲ್ಲಿನ ಹೈಕೋರ್ಟು ರದ್ದುಪಡಿಸಿ ಅವಳನ್ನು ಹೆತ್ತವರ ವಶಕ್ಕೆ ಕೊಟ್ಟಾಗ ಮುಸ್ಲಿಂ ಸಮುದಾಯ ಒಂದೇ ದನಿಯಲ್ಲಿ, ಅವಳು ವಯಸ್ಕಳು, ಆಯ್ಕೆ ಅವಳದ್ದು ಎಂದಿತು. 2018ರ ಮಾರ್ಚ್ 8ರಂದು ಸುಪ್ರೀಂ ಕೋರ್ಟು ಆ ಮಾತನ್ನೇ ಎತ್ತಿಹಿಡಿಯಿತು. ಸರಿಯಾದ ತೀರ್ಪು. ಆದರೆ ಆ ದನಿ ಒಂದೇ ದಿಕ್ಕಿಗೆ ಹರಿಯಬಾರದು. ಪೇಗನ್ ಮನೆಯಲ್ಲಿ ಬೆಳೆದವನು ನಾಳೆ ಮುಸ್ಲಿಮನಾದರೆ ಅವನ ಹಕ್ಕು ಎನ್ನುವ ನಾವು, ಮುಸ್ಲಿಂ ಮನೆಯಲ್ಲಿ ಬೆಳೆದವನು ನಾಳೆ ಬೇರೆ ದಾರಿ ಹಿಡಿದರೆ ಅವನ ಮೇಲೆ ಕೈ ಎತ್ತುವವರ ಪರ ನಿಲ್ಲಲಾಗದು. ನಮಗೆ ದುಃಖವಾಗುತ್ತದೆ, ಆಗಲೇಬೇಕು. ದುಃಖಕ್ಕೆ ದುಆ ಇದೆ. ದೊಣ್ಣೆ ಇಲ್ಲ.

ನಮ್ಮ ಮಾತು ಸರಳ. ಜಗತ್ತಿನ ಯಾವುದೋ ಮೂಲೆಯಲ್ಲಿ ಒಬ್ಬ ತಾಯಿ ತನ್ನ ಮಗುವಿಗೆ ಚಂದ್ರನ ಕತೆ ಹೇಳುತ್ತಾಳೆ. ನಮ್ಮ ತಾಯಿ ಅದೇ ಚಂದ್ರನನ್ನು ತೋರಿಸಿ, ಇದನ್ನು ಸೃಷ್ಟಿಸಿದವನೊಬ್ಬನಿದ್ದಾನೆ ಎನ್ನುತ್ತಾಳೆ. ನಮ್ಮ ತಾಯಿಯ ಮಾತೇ ಸತ್ಯ ಎಂದು ನಾವು ನಂಬುತ್ತೇವೆ. ಆ ಸತ್ಯವನ್ನು ಹೇಳುವ ಹಕ್ಕು ಉಳಿಯಬೇಕಾದರೆ ಆ ಇನ್ನೊಬ್ಬ ತಾಯಿಯ ಬಾಯಿಗೂ ಬೀಗ ಬೀಳಬಾರದು. ಇಂದು ಅವಳ ಮನೆಗೆ ಹಿಡಿದ ಕೋಲು ನಾಳೆ ನಮ್ಮ ಮನೆಯ ಹೊಸ್ತಿಲಿಗೂ ತಗಲುತ್ತದೆ. ಆ ದಿನ ನಮ್ಮ ಪರವಾಗಿ ಮಾತನಾಡಲು ಯಾರಾದರೂ ಇರಬೇಕೆಂದು ನಾವು ಬಯಸುವುದಾದರೆ, ಇಂದು ನಾವು ಮಾತನಾಡಬೇಕು. ಲಾಭಕ್ಕಾಗಿ ಅಲ್ಲ. ನ್ಯಾಯಕ್ಕೆ ಸಾಕ್ಷಿಯಾಗುವುದು ನಮ್ಮ ವಿಶ್ವಾಸ ನಮ್ಮ ಮೇಲೆ ಹೊರಿಸಿದ ಕರ್ತವ್ಯವಾದ ಕಾರಣಕ್ಕೆ.